ಗ್ರಾಮ ಗ್ರಂಥಾಲಯಗಳೂ ರೈತರ ಗಣಕಶಿಕ್ಷಣವೂ

ರೈತನು ತನ್ನ ಹೊಲದ ಪಹಣಿಯನ್ನು ಕಣ್ಣಿನಿಂದ ನೋಡಬೇಕಾದರೆ ಮೊದಲು ಶ್ಯಾನುಭೋಗರ, ತರುವಾಯ ಗ್ರಾಮಲೆಕ್ಕಿಗರ ಮನೆಯ ಜಗಲಿಯ ಮೇಲೆ ಕಾದು ಕುಳಿತಿರಬೇಕಾಗಿದ್ದ ಕಾಲವೊಂದಿದ್ದಿತು. 2000ನೆಯ ಇಸವಿಯ ಸುಮಾರಿಗೆ ಕರ್ನಾಟಕ ಸರ್ಕಾರದವರು ‘ಭೂಮಿ’ ಎಂಬ ಯೋಜನೆಯ ಮೂಲಕ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಪಟ್ಟ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗಳಿಗೆ ಒಂದು ನಕಲು ದೊರೆಯುವಂತೆ ಏರ್ಪಡಿಸಿದರು. ಅಲ್ಲಿಂದೀಚೆಗೆ ಬೇಸಾಯಕ್ಕೆ ಸಂಬಂಧಪಟ್ಟ ಸರ್ಕಾರಿ ವ್ಯವಹಾರಗಳು ಒಂದೊಂದಾಗಿ ಯಂತ್ರದೊಳಕ್ಕೆ ಸೇರುತ್ತ ಬಂದಿವೆ. ಬಿತ್ತನೆ ಬೀಜದ ಸಹಾಯಧನಕ್ಕೆ ‘ಫ್ರೂಟ್ಸ್’ ನೋಂದಣಿಯ ಸಂಖ್ಯೆ ಬೇಕು. ವರ್ಷಕ್ಕೆ ಮೂರು ಕಂತುಗಳಲ್ಲಿ ಬರುವ ಪಿ.ಎಂ. ಕಿಸಾನ್ ಯೋಜನೆಯ 6,000 ರೂಪಾಯಿಗಳಿಗೆ ಇ-ಕೆವೈಸಿ ಆಗಬೇಕು; ಬೆಳೆವಿಮೆಗೆ ಅರ್ಜಿಯೂ, ಬೆಳೆ ಸಮೀಕ್ಷೆಗೆ ಛಾಯಾಚಿತ್ರವೂ, ಮಾರುಕಟ್ಟೆಯ ಧಾರಣೆಯೂ, ಮಳೆಯ ಮುನ್ಸೂಚನೆಯೂ ಈಗ ಅಂಗೈಯಗಲದ ಮೊಬೈಲಿನಲ್ಲಿ ನಡೆಯತಕ್ಕವುಗಳಾಗಿವೆ.

ಆದರೆ ಜಗಲಿಯು ಹೋದ ಮಾತ್ರಕ್ಕೆ ಕಾಯುವುದು ಹೋಯಿತೆಂದು ತಿಳಿಯಕೂಡದು. ಅನೇಕ ಗ್ರಾಮಗಳಲ್ಲಿ ರೈತನು ಈಗ ಹೋಬಳಿಯ ಅಂಗಡಿಯೊಂದರ ಮುಂದೆ ನಿಂತು, ತನ್ನ ಮೊಬೈಲನ್ನೂ ಆಧಾರ್ ಕಾರ್ಡನ್ನೂ ಯಾರೋ ಹುಡುಗನ ಕೈಗೆ ಕೊಟ್ಟು, ಬಂದ ಒ.ಟಿ.ಪಿ.ಯನ್ನು ಹತ್ತು ಜನರೆದುರಿಗೆ ಗಟ್ಟಿಯಾಗಿ ಓದಿ ಹೇಳಿ, ಕೇಳಿದಷ್ಟು ಹಣವನ್ನು ತೆತ್ತು ಹಿಂದಿರುಗುತ್ತಾನೆ. ಅಂಗಡಿಯವನು ಸಜ್ಜನನಾಗಿದ್ದರೆ ಕೆಲಸವಾಯಿತು. ಅರ್ಜಿಯಲ್ಲಿ ಏನು ಬರೆದನೆಂಬುದು ಮಾತ್ರ ರೈತನಿಗೆ ತಿಳಿಯದು. ಈ ಪರಾಧೀನತೆಯನ್ನು ತಪ್ಪಿಸುವುದಕ್ಕೆ ಹೊಸದಾಗಿ ಒಂದು ಸಂಸ್ಥೆಯನ್ನು ಕಟ್ಟಬೇಕಾದ್ದಿಲ್ಲ. ಪ್ರತಿ ಗ್ರಾಮ ಪಂಚಾಯತಿಯ ಗ್ರಂಥಾಲಯವೇ ಇದಕ್ಕೆ ತಕ್ಕ ಸ್ಥಳವಾಗಿರುವುದು.

ಗ್ರಂಥಾಲಯಕ್ಕೂ ಯಂತ್ರಶಿಕ್ಷಣಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಗ್ರಂಥಾಲಯವು ಜನರ ಬಳಿಗೆ ತಾನೇ ಹೋಗಬೇಕೆಂಬ ಭಾವನೆಯು ನಮ್ಮ ದೇಶದಲ್ಲಿ ಹೊಸದಲ್ಲ. ಬರೋಡ ಸಂಸ್ಥಾನದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ನೆಯ ಇಸವಿಯಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಸಿ, ಹಳ್ಳಿ ಹಳ್ಳಿಗೂ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ಕಳುಹಿಸುವ ಏರ್ಪಾಡನ್ನು ಮಾಡಿಸಿದರು. 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆಯೇ ಗ್ರಂಥಾಲಯವೊಂದು ಸಂಚರಿಸಿತು. ಅದೇ ವರ್ಷ ಡಾಕ್ಟರ್ ಎಸ್. ಆರ್. ರಂಗನಾಥನ್‌ರವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗನ ವೇಳೆಯನ್ನು ಉಳಿಸಬೇಕೆಂಬುದು ಅವುಗಳಲ್ಲಿ ಒಂದು. ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚನ್ನು ಹಾಕಿಕೊಂಡು, ಒಂದು ಪಹಣಿಗಾಗಿ ಪಟ್ಟಣಕ್ಕೆ ಹೋಗಿಬರುವ ರೈತನ ವೇಳೆಗಿಂತ ಉಳಿಸತಕ್ಕ ವೇಳೆಯು ಬೇರಾವುದಿದ್ದೀತು?

ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು 1965ರಲ್ಲಿ ಆಯಿತು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಬಹುಕಾಲ ಗ್ರಂಥಾಲಯ ಇಲಾಖೆಯ ಆಡಳಿತದಲ್ಲಿದ್ದು, 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲ್ಪಟ್ಟವು. ಇವುಗಳ ಸಂಖ್ಯೆಯು ಆಗಲೇ 5,600ಕ್ಕೂ ಹೆಚ್ಚಾಗಿದ್ದಿತು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಒಳಕ್ಕೆ ಬಂದರು. ಈಚೆಗೆ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದಿರುವ ಈ ಸ್ಥಳಗಳಲ್ಲಿ ಅನೇಕ ಕಡೆ ಕಂಪ್ಯೂಟರು, ದೊಡ್ಡ ಟಿ.ವಿ. ಪರದೆ, ಇಂಟರ್‌ನೆಟ್ ಸಂಪರ್ಕಗಳು ಬಂದಿವೆ. ಆದಕಾರಣ ಸಾಮಗ್ರಿಯು ಇಲ್ಲವೆಂಬ ಮಾತಿಗೆ ಮೊದಲಿನಷ್ಟು ಆಧಾರವಿಲ್ಲ. ಬೀಗ ಹಾಕಿದ ಕೊಠಡಿಯಲ್ಲಿ ಬಟ್ಟೆ ಹೊದ್ದು ಕುಳಿತ ಕಂಪ್ಯೂಟರು ಮಾತ್ರ, ಉಗ್ರಾಣದಲ್ಲಿ ಮೊಳಕೆಯ ಶಕ್ತಿಯನ್ನು ಕಳೆದುಕೊಂಡ ಬಿತ್ತನೆ ಬೀಜದಂತೆಯೇ ಸರಿ.

ಕಲಿಸುವ ಕ್ರಮ.— ಇಲ್ಲಿ ಬೇಸಾಯದ ಇಲಾಖೆಯ ಹಳೆಯ ಅನುಭವವೊಂದು ಉಪಯೋಗಕ್ಕೆ ಬರತಕ್ಕದ್ದು. 1908ರಲ್ಲಿ ಮೈಸೂರಿಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಮಲೆನಾಡಿನವರಿಗೆ, ಮೈಲುತುತ್ತವೂ ಸುಣ್ಣವೂ ಸೇರಿದ ನೀಲಿಯ ನೀರು ಫಸಲನ್ನು ಉಳಿಸೀತೆಂಬುದು ಬರಿಯ ಮಾತಿನಿಂದ ನಂಬತಕ್ಕ ವಿಷಯವಾಗಿರಲಿಲ್ಲ. ತೋಟದಲ್ಲಿಯೇ ಸಿಂಪಡಿಸಿ ತೋರಿಸಿದಾಗ, ಸಿಂಪಡಿಸಿದ ಮರವನ್ನೂ ಬಿಟ್ಟ ಮರವನ್ನೂ ಒಟ್ಟಿಗೆ ನೋಡಿದಾಗ, ಮತ್ತೇನೂ ಹೇಳಬೇಕಾಗಲಿಲ್ಲ. ಅಮೆರಿಕದ ಟೆಕ್ಸಾಸ್ ಪ್ರಾಂತದ ಟೆರೆಲ್ ಎಂಬ ಊರಿನಲ್ಲಿ 1903ರಲ್ಲಿ ಸೀಮನ್ ನ್ಯಾಪ್ ಎಂಬುವರು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋದರು. ಅವರು ಸರ್ಕಾರಿ ಕ್ಷೇತ್ರದಲ್ಲಿ ತಾವು ಬೆಳೆದು ತೋರಿಸದೆ, ರೈತನಿಂದಲೇ, ಅವನ ನೆಲದಲ್ಲಿಯೇ, ಅವನ ಕೈಗಳಿಂದಲೇ ಮಾಡಿಸಿದರು. ನಷ್ಟವಾದರೆ ತುಂಬಿಕೊಡಲು ಊರಿನ ವರ್ತಕರು ಹಣವನ್ನು ಕೂಡಿಸಿ ಇಟ್ಟಿದ್ದರು.

ಮೊಬೈಲಿನ ಶಿಕ್ಷಣದಲ್ಲಿಯೂ ರಹಸ್ಯವು ಇದೇ. ಗೋಡೆಯ ಮೇಲಿನ ಪರದೆಯಲ್ಲಿ ನಲವತ್ತು ಜನರಿಗೆ ಒಂದು ಗಂಟೆಯ ಉಪನ್ಯಾಸವನ್ನು ಕೊಟ್ಟರೆ, ಮನೆಗೆ ಹೋಗುವುದರೊಳಗೆ ಮೂವತ್ತೆಂಟು ಜನರು ಅದನ್ನು ಮರೆತಿರುವರು. ಐದಾರು ಜನರನ್ನು ಕೂಡಿಸಿಕೊಂಡು, ಪ್ರತಿಯೊಬ್ಬರ ಕೈಯಲ್ಲಿಯೂ ಅವರವರ ಮೊಬೈಲೇ ಇರುವಂತೆ ನೋಡಿಕೊಂಡು, ಕಲಿಸುವವರು ತಮ್ಮ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳತಕ್ಕದ್ದು. ಇದು ಕೇಳುವುದಕ್ಕೆ ಸುಲಭ, ಆಚರಣೆಯಲ್ಲಿ ಬಹು ಕಷ್ಟ. “ನೀನೇ ಒತ್ತಿಬಿಡವ್ವ, ನನಗೆ ಕಣ್ಣು ಮಂಜು” ಎಂದು ಮುದುಕರೊಬ್ಬರು ಮೊಬೈಲನ್ನು ಮುಂದಕ್ಕೆ ಚಾಚಿದಾಗ, “ತಪ್ಪಾದರೂ ಆಗಲಿ ಅಜ್ಜ, ನೀವೇ ಒತ್ತಿ. ಅಕ್ಷರವನ್ನು ದೊಡ್ಡದು ಮಾಡುವುದು ಹೇಗೆಂದು ಮೊದಲು ನೋಡೋಣ” ಎನ್ನುವ ತಾಳ್ಮೆಯು ಗ್ರಂಥಾಲಯದ ಮೇಲ್ವಿಚಾರಕಿಗೆ ಇರಬೇಕು. ಹುಡುಗರನ್ನು ಕಲಿಸಲು ಬಿಟ್ಟರೆ ಈ ವಿಷಯದಲ್ಲಿ ಎಚ್ಚರಿಕೆ ಬೇಕು; ಅವರಿಗೆ ಬರುವುದು ಹೆಚ್ಚು, ತಾಳ್ಮೆ ಕಡಿಮೆ; ಮೊಬೈಲನ್ನು ಕಿತ್ತುಕೊಂಡು ಎರಡು ನಿಮಿಷದಲ್ಲಿ ಕೆಲಸವನ್ನು ಮುಗಿಸಿ ಹಿಂದಕ್ಕೆ ಕೊಡುವರು.

ಭಾರತ ಸರ್ಕಾರದವರು 2017ರಿಂದ 2024ರ ಮಾರ್ಚಿಯವರೆಗೆ ನಡೆಸಿದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಕಾರ್ಯಕ್ರಮದಲ್ಲಿ 6 ಕೋಟಿಗೂ ಹೆಚ್ಚು ಜನರು ತರಬೇತಿಯನ್ನು ಹೊಂದಿದರು. ಪಾಠದ ಅವಧಿಯು 20 ಗಂಟೆಗಳಾಗಿದ್ದಿತು. ಆ ಅವಧಿಯು ಅಳತೆಗೆ ಒಳ್ಳೆಯದೇ. ಆದರೆ ಕಲಿತದ್ದನ್ನು ಎರಡು ತಿಂಗಳ ಮೇಲೆ ಮರೆತವನು ಪುನಃ ಯಾರನ್ನು ಕೇಳಬೇಕು? ಶಿಬಿರವು ಡೇರೆಯನ್ನು ಕಿತ್ತುಕೊಂಡು ಹೋಗುತ್ತದೆ. ಗ್ರಂಥಾಲಯವು ಅಲ್ಲಿಯೇ ಇರುತ್ತದೆ. ನಾಳೆಯೂ ಅದೇ ಬಾಗಿಲು, ಅದೇ ಮುಖ. ಗ್ರಂಥಾಲಯದ ಹೆಚ್ಚಳವೆಲ್ಲ ಇಷ್ಟರಲ್ಲಿಯೇ ಇದೆ.

ಪಾಠಗಳ ಕಾಲವನ್ನು ಬೇಸಾಯದ ಕಾಲಕ್ಕೆ ಹೊಂದಿಸಿಕೊಳ್ಳದಿದ್ದರೆ ಬೆಂಚುಗಳು ಬರಿದಾಗಿರುವುವು. ಮುಂಗಾರಿನ ಬಿತ್ತನೆಯ ದಿನಗಳಲ್ಲಿ ಯಾರೂ ಬರಲಾರರು. ಒಕ್ಕಣೆ ಮುಗಿದ ತರುವಾಯ, ಸಂಕ್ರಾಂತಿಯಿಂದ ಯುಗಾದಿಯವರೆಗೆ ಇರುವ ಬಿಡುವೇ ಮೊದಲ ಪಾಠಗಳಿಗೆ ಪ್ರಶಸ್ತವಾದುದು. ಹೆಂಗಸರಿಗೆ ಬೇರೆ ಹೊತ್ತು ಬೇಕು. ಬೆಳಗಿನ ಹಾಲನ್ನು ಡೇರಿಗೆ ಹಾಕಿ, ಮನೆಗೆಲಸವನ್ನು ಮುಗಿಸಿ, ಸಾಯಂಕಾಲದ ಕರೆಯುವ ಹೊತ್ತಿಗೆ ಮೊದಲು ಅವರಿಗೆ ಒಂದೆರಡು ಗಂಟೆಯ ಬಿಡುವು ಇರುತ್ತದೆ. ಅನೇಕ ಮನೆಗಳಲ್ಲಿ ಇರುವ ಒಂದೇ ಮೊಬೈಲು ಗಂಡಸಿನ ಜೇಬಿನಲ್ಲಿ ಹೊರಗೆ ಹೋಗಿರುವುದಾದ್ದರಿಂದ, ಗ್ರಂಥಾಲಯದ ಸಾಧನವೇ ಅವರ ಅಭ್ಯಾಸಕ್ಕೆ ಸಿಕ್ಕಬೇಕು. ಪಹಣಿಯಲ್ಲಿ ಹೆಸರಿರುವ ವಿಧವೆಯರನ್ನು ಮೊದಲು ಕರೆಯುವುದು ಯುಕ್ತ. ಅವರ ಪಾಲಿನ ಅರ್ಜಿಗಳೇ ಇತರರ ಕೈಯಲ್ಲಿ ಹೆಚ್ಚಾಗಿ ತಿರುಗುತ್ತಿರುವುವು.

ಬೆಳೆ ಸಮೀಕ್ಷೆ ಮತ್ತು ವಿಮೆ.— ಎಲ್ಲ ಪಾಠಗಳಲ್ಲಿಯೂ ಇದು ಮುಖ್ಯವಾದುದು. ಏತಕ್ಕೆಂದರೆ ಇಲ್ಲಿ ಆಗುವ ತಪ್ಪು ನೇರವಾಗಿ ರೈತನ ಕಣಜಕ್ಕೆ ತಟ್ಟುವುದು.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು 2016ರ ಮುಂಗಾರಿನಿಂದ ಜಾರಿಯಲ್ಲಿದೆ. ಮುಂಗಾರಿನ ಆಹಾರಧಾನ್ಯಗಳಿಗೂ ಎಣ್ಣೆಕಾಳುಗಳಿಗೂ ರೈತನು ಕೊಡತಕ್ಕ ಕಂತು ವಿಮಾ ಮೊಬಲಗಿನ ನೂರಕ್ಕೆ 2. ಹಿಂಗಾರಿಗೆ ನೂರಕ್ಕೆ ಒಂದೂವರೆ. ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ ನೂರಕ್ಕೆ 5. ಉದಾಹರಣೆಗಾಗಿ, ರೈತನೊಬ್ಬನು 2 ಹೆಕ್ಟೇರು ತೊಗರಿಯನ್ನು ಬಿತ್ತಿ, ಹೆಕ್ಟೇರಿಗೆ 50,000 ರೂಪಾಯಿಗಳ ಲೆಕ್ಕದಂತೆ ವಿಮೆಯನ್ನು ಇಳಿಸಿದನೆಂದು ಭಾವಿಸೋಣ. ವಿಮಾ ಮೊಬಲಗು 1,00,000 ರೂಪಾಯಿ. ಅವನು ಕಟ್ಟಿದ ಕಂತು 2,000 ರೂಪಾಯಿ. ರಸೀತಿಯು ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಮಳೆಯು ಕೈಕೊಟ್ಟು ತೊಗರಿಯು ಹೂವಿನಲ್ಲಿಯೇ ಉದುರಿಹೋಯಿತು. ಪಂಚಾಯತಿಯ ಉಳಿದ ತೊಗರಿಯವರಿಗೆ ಪರಿಹಾರ ಬಂದಿತು, ಇವನಿಗೆ ಬರಲಿಲ್ಲ. ವಿಚಾರಿಸಲಾಗಿ, ಬೆಳೆ ಸಮೀಕ್ಷೆಯಲ್ಲಿ ಅವನ ಸರ್ವೆ ನಂಬರಿನ ಮುಂದೆ ‘ಹೆಸರು’ ಎಂದು ದಾಖಲಾಗಿದೆ! ವಿಮೆಯ ಅರ್ಜಿಯಲ್ಲಿರುವ ಬೆಳೆಯೂ ಸಮೀಕ್ಷೆಯಲ್ಲಿರುವ ಬೆಳೆಯೂ ತಾಳೆಯಾಗದಿದ್ದರೆ ಅರ್ಜಿಯು ತಿರಸ್ಕೃತವಾಗುವುದುಂಟು. ಯಾರೋ ದಾರಿಯ ಬದಿಯಿಂದ ಪಕ್ಕದ ಹೊಲದ ಚಿತ್ರವನ್ನು ತೆಗೆದಿರಬಹುದು; ಹಿಸ್ಸಾ ತಪ್ಪಿರಬಹುದು; ಅಕ್ಕಡಿಯ ಸಾಲನ್ನು ನೋಡಿ ಮುಖ್ಯ ಬೆಳೆಯೆಂದು ಬರೆದಿರಬಹುದು. ತಪ್ಪು ಯಾರದೇ ಆಗಲಿ, ನಷ್ಟವು ರೈತನದೇ.

2020ರ ಮುಂಗಾರಿನಿಂದ ರೈತನೇ ತನ್ನ ಬೆಳೆಯ ವಿವರವನ್ನು ಮೊಬೈಲಿನ ಆ್ಯಪ್ ಮೂಲಕ ದಾಖಲು ಮಾಡುವುದಕ್ಕೆ ಅವಕಾಶವಾಗಿದೆ. ರೈತನು ಮಾಡದೆ ಬಿಟ್ಟ ನಂಬರುಗಳನ್ನು ‘ಖಾಸಗಿ ನಿವಾಸಿ’ಗಳೆಂಬ ಊರಿನ ಯುವಕರು ಮಾಡುತ್ತಾರೆ. ಇವರಲ್ಲಿ ಶ್ರದ್ಧೆಯುಳ್ಳವರು ಅನೇಕರಿದ್ದಾರೆ. ಆದರೂ ನೂರಾರು ತಾಕುಗಳನ್ನು ಸುತ್ತುವವನ ಗಮನಕ್ಕೂ, ತನ್ನ ಒಂದೇ ತಾಕಿನಲ್ಲಿ ನಿಂತವನ ಗಮನಕ್ಕೂ ಅಂತರವುಂಟು. ಆದಕಾರಣ ಈ ಪಾಠದ ಅರ್ಧವನ್ನು ಗ್ರಂಥಾಲಯದ ಒಳಗೂ, ಉಳಿದರ್ಧವನ್ನು ಹತ್ತಿರದ ಹೊಲದಲ್ಲಿಯೂ ಮಾಡತಕ್ಕದ್ದು.

ಒಳಗೆ ಕಲಿಯತಕ್ಕದ್ದೇನೆಂದರೆ: ತನ್ನ ಪಹಣಿಯನ್ನು ತೆರೆದು ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ ಇವುಗಳನ್ನು ಓದುವುದು, ಅವೇ ಅಂಕಿಗಳನ್ನು ಆ್ಯಪ್‌ನಲ್ಲಿ ಗುರುತಿಸುವುದು, ಮಿಶ್ರಬೆಳೆಯಿದ್ದರೆ ಯಾವುದೆಷ್ಟು ಎಕರೆ-ಗುಂಟೆಯೆಂದು ಹಂಚಿ ಬರೆಯುವುದು. ಹೊರಗೆ ಕಲಿಯತಕ್ಕದ್ದು, ಎಲ್ಲೆಯೊಳಗೆ ನಿಂತು ಚಿತ್ರವನ್ನು ತೆಗೆಯುವುದು. ಬದುವಿನ ಮೇಲೆ ನಿಂತರೆ ಯಂತ್ರವು ಪಕ್ಕದ ನಂಬರಿನಲ್ಲಿದ್ದೀರೆಂದು ಭಾವಿಸಬಹುದು. ಹತ್ತಿಪ್ಪತ್ತು ಮಾರು ಒಳಕ್ಕೆ ನಡೆಯುವುದು ಒಳ್ಳೆಯದು. ದೊಡ್ಡ ಮರದ ಕೆಳಗೆ ನಿಂತರೂ ಸ್ಥಾನದ ಗುರುತು ಅತ್ತಿತ್ತ ಆಗುವುದುಂಟು. ಸೂರ್ಯನು ಬೆನ್ನಿಗಿರಲಿ, ಬೆಳೆಯು ಮುಂದಿರಲಿ. ಬಿತ್ತಿ ನಾಲ್ಕು ದಿನವಾದ ನೆಲದ ಚಿತ್ರದಿಂದ ತೊಗರಿಯೋ ಹೆಸರೋ ಎಂಬುದು ಯಾರಿಗೂ ಗೊತ್ತಾಗುವುದಿಲ್ಲವಾದ್ದರಿಂದ, ಎಲೆಯ ಗುರುತು ಹತ್ತುವವರೆಗೆ ಕಾಯಬೇಕು. ಆದರೆ ಕೊನೆಯ ತಾರೀಖನ್ನು ಮೀರಕೂಡದು.

ದಾಖಲಾದ ಮೇಲೆ ಕೆಲಸವು ಮುಗಿಯಲಿಲ್ಲ. ‘ಬೆಳೆ ದರ್ಶಕ್’ ಎಂಬ ಇನ್ನೊಂದು ಆ್ಯಪ್‌ನಲ್ಲಿ ತನ್ನ ನಂಬರಿನ ಮುಂದೆ ಯಾವ ಬೆಳೆಯು ಬರೆಯಲ್ಪಟ್ಟಿದೆಯೆಂದು ರೈತನು ನೋಡಬಹುದು. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆಯನ್ನು ಸಲ್ಲಿಸಬಹುದು. ಆಕ್ಷೇಪಣೆಗೆ ಗೊತ್ತುಮಾಡಿದ ದಿನಗಳು ಕಳೆದ ಮೇಲೆ ಕಚೇರಿಗೆ ಅಲೆದರೆ ಪ್ರಯೋಜನವಿಲ್ಲ. ಗ್ರಂಥಾಲಯದ ಕರಿಹಲಗೆಯ ಮೇಲೆ ಈ ತಾರೀಖುಗಳನ್ನು ದೊಡ್ಡಕ್ಷರಗಳಲ್ಲಿ ಬರೆದಿಡುವುದು ಮೇಲ್ವಿಚಾರಕರು ಮಾಡಬಹುದಾದ ಉಪಕಾರಗಳಲ್ಲೆಲ್ಲ ಅತ್ಯಂತ ಅಗ್ಗವಾದುದು. ತಾರೀಖುಗಳನ್ನು ರೈತ ಸಂಪರ್ಕ ಕೇಂದ್ರದಿಂದ ಪ್ರತಿ ಹಂಗಾಮಿನಲ್ಲಿಯೂ ಕೇಳಿ ತಿಳಿಯತಕ್ಕದ್ದು. ಹಿಂದಿನ ವರ್ಷದವನ್ನೇ ಬಿಟ್ಟಿರಕೂಡದು.

ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ ಮೊದಲಾದ ಸ್ಥಳೀಯ ವಿಪತ್ತಿನಿಂದ ಒಬ್ಬನ ಹೊಲಕ್ಕೇ ನಷ್ಟವಾದರೆ, 72 ಗಂಟೆಗಳೊಳಗಾಗಿ ತಿಳಿಸಬೇಕೆಂದು ನಿಯಮವಿದೆ. ಕೊಯ್ದು ಹೊಲದಲ್ಲಿ ಒಣಗಲು ಹಾಸಿದ ಬೆಳೆಗೆ 14 ದಿವಸಗಳೊಳಗೆ ಅಕಾಲ ಮಳೆಯಿಂದ ಆದ ನಷ್ಟಕ್ಕೂ ಹೀಗೆಯೇ. 72 ಗಂಟೆಗಳೆಂದರೆ ಮೂರು ಹಗಲು, ಮೂರು ರಾತ್ರಿ. ಶನಿವಾರ ಸಾಯಂಕಾಲ ಆಲಿಕಲ್ಲು ಬಿದ್ದರೆ, ಭಾನುವಾರ ಕಚೇರಿಯಿಲ್ಲ, ಸೋಮವಾರ ಅಂಗಡಿಯವನಿಲ್ಲ, ಮಂಗಳವಾರ ಸಾಯಂಕಾಲಕ್ಕೆ ಗಡುವು ಮುಗಿಯಿತು. ತಾನೇ ಆ್ಯಪ್‌ನಲ್ಲಿ ಚಿತ್ರವನ್ನು ಕಳುಹಿಸಲು ಬಲ್ಲವನಿಗೆ, ಅಥವಾ 14447 ಎಂಬ ಸಂಖ್ಯೆಗೆ ಕರೆ ಮಾಡಿ ದೂರಿನ ನಂಬರನ್ನು ಬರೆದುಕೊಳ್ಳಲು ಬಲ್ಲವನಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಯಾವ ಬೆಳೆಗೆ, ಯಾವ ವಿಪತ್ತಿಗೆ ಈ ಸೌಲಭ್ಯವಿದೆಯೆಂಬುದನ್ನು ಆಯಾ ಹಂಗಾಮಿನ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು.

ಧಾರಣೆಯ ಲೆಕ್ಕ.— ಕೃಷಿ ಮಾರಾಟ ವಾಹಿನಿಯ ಜಾಲತಾಣದಲ್ಲಿ ರಾಜ್ಯದ ಮಾರುಕಟ್ಟೆಗಳ ದಿನದ ಧಾರಣೆಗಳು ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಮನೆಗಳಲ್ಲಿ ಕಾಣುವುವು. ಹೊಸದಾಗಿ ಕಲಿತವರೆಲ್ಲರೂ ಗರಿಷ್ಠದ ಮನೆಯನ್ನೇ ನೋಡಿ ಹಿಗ್ಗುವರು. ಗರಿಷ್ಠವೆಂದರೆ ಆ ದಿನ ಯಾರೋ ಒಬ್ಬನ ಅತ್ಯುತ್ತಮವಾದ ಒಂದು ರಾಶಿಗೆ ಸಿಕ್ಕಿದ ಬೆಲೆ. ಹೆಚ್ಚು ಮಾಲು ಮಾರಾಟವಾದ ಬೆಲೆಯೇ ಮಾದರಿ. ಲೆಕ್ಕವನ್ನು ಮಾದರಿಯಿಂದಲೇ ಮಾಡತಕ್ಕದ್ದು.

30 ಕ್ವಿಂಟಾಲು ಮುಸುಕಿನ ಜೋಳವುಳ್ಳ ರೈತನಿಗೆ ಹತ್ತಿರದ ಮಾರುಕಟ್ಟೆಯಲ್ಲಿ ಮಾದರಿ ಧಾರಣೆಯು 2,100 ರೂಪಾಯಿ, ದೂರದ ಮಾರುಕಟ್ಟೆಯಲ್ಲಿ 2,260 ರೂಪಾಯಿ ಎಂದಿಟ್ಟುಕೊಳ್ಳೋಣ. ಕ್ವಿಂಟಾಲಿಗೆ 160ರಂತೆ 4,800 ರೂಪಾಯಿಗಳ ಲಾಭವೆಂದು ಮೇಲುನೋಟಕ್ಕೆ ತೋರುವುದು. ಲಾರಿಯ ಬಾಡಿಗೆಯು ಹೆಚ್ಚಾಗಿ 3,600 ರೂಪಾಯಿಯೂ, ಒಂದು ರಾತ್ರಿಯ ಊಟ, ಕಾವಲು, ಹೆಚ್ಚಿನ ಹಮಾಲಿಗೆ 600 ರೂಪಾಯಿಯೂ ಕಳೆದರೆ ಉಳಿಯುವುದು 600. ಜೋಳದಲ್ಲಿ ತೇವವು ಸ್ವಲ್ಪ ಹೆಚ್ಚೆಂದು ಕ್ವಿಂಟಾಲಿಗೆ 20 ರೂಪಾಯಿ ಮುರಿದರೆ ಆ 600 ರೂಪಾಯಿಯೂ ಹೋಯಿತು. ಹತ್ತಿರದ ಮಾರುಕಟ್ಟೆಯಲ್ಲಿಯೂ ತೇವಕ್ಕೆ ಮುರಿಯುವರು ನಿಜ. ಆದರೆ ಅಲ್ಲಿ ಮಾಲನ್ನು ಹಿಂದಕ್ಕೆ ತಂದು ಒಣಗಿಸುವ ಸ್ವಾತಂತ್ರ್ಯವಿದೆ. ಈ ಲೆಕ್ಕವನ್ನು ಮೊಬೈಲಿನ ಗಣಕದಲ್ಲಿ ಹಾಕುವುದನ್ನು ಕಲಿಸುವುದಕ್ಕೆ ಅರ್ಧ ಗಂಟೆ ಸಾಕು. ಧಾರಣೆಯನ್ನು ತಿಳಿದುಕೊಂಡು ಹತ್ತಿರದ ವರ್ತಕನೊಡನೆ ಮಾತನಾಡಿದವನಿಗೆ, ತಿಳಿಯದೆ ಹೋದವನಿಗಿಂತ ಒಂದು ಹಿಡಿತವಿರುವುದಂತೂ ಸರಿಯೇ.

ಮಳೆಯ ಮುನ್ಸೂಚನೆಯ ಪಾಠವು ಚಿಕ್ಕದು. ‘ಮೇಘದೂತ್’ ಆ್ಯಪ್‌ನಲ್ಲಿ ಮಂಗಳವಾರವೂ ಶುಕ್ರವಾರವೂ ಕೃಷಿಸಲಹೆಗಳು ಬರುವುವು. ಸ್ಮಾರ್ಟ್ ಫೋನು ಇಲ್ಲದವರು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಂಖ್ಯೆಯಾದ 92433 45433ಕ್ಕೆ ಸಾಧಾರಣ ಫೋನಿನಿಂದಲೇ ಕರೆ ಮಾಡಿ ಕೇಳಬಹುದು. ಬೇಸಾಯದ ಇತರ ಪ್ರಶ್ನೆಗಳಿಗೆ ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ಉಚಿತ ಸಂಖ್ಯೆಯು 2004ರಿಂದ ಇದ್ದು, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲಿ ಉತ್ತರವು ದೊರೆಯುವುದು. ಮುನ್ಸೂಚನೆಯು ಒಂದು ಪ್ರದೇಶಕ್ಕೆ ಹೇಳಿದ್ದೇ ಹೊರತು ಒಬ್ಬನ ಹೊಲಕ್ಕೆ ಹೇಳಿದ್ದಲ್ಲವೆಂಬುದನ್ನು ಮಾತ್ರ ಕಲಿಸುವವರು ಮರೆಯದೆ ತಿಳಿಸಬೇಕು.

ರೋಗದ ಚಿತ್ರ.— ಬೆಳೆಗೆ ರೋಗವೋ ಕೀಟವೋ ತಗುಲಿದಾಗ ಚಿತ್ರವನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಿ ಸಲಹೆಯನ್ನು ಕೇಳುವ ರೂಢಿಯು ಹೆಚ್ಚುತ್ತಲಿದೆ. ಬರುವ ಚಿತ್ರಗಳಲ್ಲಿ ಹೆಚ್ಚಿನವು ನಿಷ್ಪ್ರಯೋಜಕವಾಗಿರುತ್ತವೆ. ಸಂಜೆಯ ಮಬ್ಬಿನಲ್ಲಿ, ಕಿತ್ತು ಬಾಡಿದ ಎಲೆಯನ್ನು ಅಂಗೈಯಲ್ಲಿಟ್ಟು ತೆಗೆದ ಮಸುಕು ಚಿತ್ರದಿಂದ ಯಾವ ಪಂಡಿತನೂ ಏನನ್ನೂ ಹೇಳಲಾರನು. ನಾಲ್ಕು ಚಿತ್ರಗಳು ಬೇಕು. ಹೊಲದ ನೋಟವೊಂದು, ರೋಗವು ಅಲ್ಲಲ್ಲಿ ತೇಪೆಯಾಗಿದೆಯೋ ಎಲ್ಲೆಡೆಯೂ ಇದೆಯೋ ತಿಳಿಯುವಂತೆ, ಬುಡದಿಂದ ತುದಿಯವರೆಗೆ ಇಡೀ ಗಿಡ ಒಂದು, ಎಲೆಯ ಮೇಲ್ಭಾಗ, ಎಲೆಯ ತಳಭಾಗ. ರಸ ಹೀರುವ ಹುಳುಗಳೂ ನುಸಿಗಳೂ ಅಡಗುವುದು ತಳಭಾಗದಲ್ಲಿಯೇ. ಅದನ್ನೇ ಎಲ್ಲರೂ ಬಿಡುತ್ತಾರೆ. ಇದರೊಡನೆ ಬಿತ್ತಿದ ತಾರೀಖನ್ನೂ, ಹಿಂದೆ ಸಿಂಪಡಿಸಿದ ಔಷಧಿಯ ಹೆಸರನ್ನೂ ಬರೆಯಬೇಕು. ಕನ್ನಡದ ಕೀಲಿಮಣೆಯನ್ನು ಒತ್ತಲು ಕಷ್ಟಪಡುವವರಿಗೆ, ಮಾತನಾಡಿದ್ದನ್ನೇ ಅಕ್ಷರವಾಗಿ ಬರೆಯುವ ಸೌಕರ್ಯವು ಈಗಿನ ಫೋನುಗಳಲ್ಲಿದೆ. ಓದುಬರಹವು ಸಾಲದವರು ಮೊದಲ ಸಲ ಇದನ್ನು ಕಂಡಾಗ ಪಡುವ ಸಂತೋಷವು ನೋಡತಕ್ಕದ್ದು.

ಇದರ ಮಗ್ಗುಲಲ್ಲಿಯೇ ಒಂದು ಎಚ್ಚರಿಕೆ. ಒಂದೇ ಬಾಟಲಿಯಿಂದ ಅಡಿಕೆಯ ಕೊಳೆ, ದಾಳಿಂಬೆಯ ಅಂಗಮಾರಿ, ಟೊಮೆಟೊವಿನ ಮುಟುರು ಎಲ್ಲವೂ ಗುಣವಾಗುವುದೆಂದು ಸಾರುವ ವಿಡಿಯೋಗಳಿಗೆ ಕೊನೆಯೇ ಇಲ್ಲ. ಕೊಳೆಯು ಶಿಲೀಂಧ್ರದಂತಹ ಜೀವಿಯಿಂದ ಬರುವುದು, ದಾಳಿಂಬೆಯ ದುಂಡಾಣು ಅಂಗಮಾರಿಯು ಬ್ಯಾಕ್ಟೀರಿಯಾದಿಂದ, ಟೊಮೆಟೊವಿನ ಎಲೆಮುಟುರು ಬಿಳಿನೊಣವು ಹರಡುವ ವೈರಸ್ಸಿನಿಂದ. ಮೂರಕ್ಕೂ ಒಂದೇ ಔಷಧಿಯೆನ್ನುವವನು ಮೂರನ್ನೂ ಅರಿಯದವನು, ಇಲ್ಲವೆ ಅರಿತೂ ಮಾರುವವನು.

ಮೋಸಗಳು.— ಪಿ.ಎಂ. ಕಿಸಾನ್ ಹೆಸರಿನಲ್ಲಿ ‘ಎ.ಪಿ.ಕೆ.’ ಎಂಬ ಮೂರಕ್ಷರಗಳಲ್ಲಿ ಕೊನೆಗೊಳ್ಳುವ ಕಡತವೊಂದು ವಾಟ್ಸ್‌ಆ್ಯಪ್‌ನಲ್ಲಿ ಬರುವುದುಂಟು. ಅದನ್ನು ಒತ್ತಿ ಸ್ಥಾಪಿಸಿಕೊಂಡವನ ಫೋನು ಪರರ ವಶವಾಗುವುದು; ಬಂದ ಒ.ಟಿ.ಪಿ.ಗಳನ್ನು ಅವರೇ ಓದುವರು. ಕಳುಹಿಸಿದವನು ಗುರುತಿನವನೇ ಆಗಿದ್ದರೂ ಒತ್ತಕೂಡದು, ಏಕೆಂದರೆ ಅವನ ಫೋನು ಮೊದಲೇ ಕಳ್ಳರ ವಶವಾಗಿರಬಹುದು. ಎರಡನೆಯದಾಗಿ, ಹಣವನ್ನು ಪಡೆಯುವುದಕ್ಕೆ ಯು.ಪಿ.ಐ. ಪಿನ್ನು ಬೇಕಾಗುವುದಿಲ್ಲ, ಕೊಡುವುದಕ್ಕೆ ಮಾತ್ರ ಬೇಕು. ದನವನ್ನು ಕೊಳ್ಳುವೆನೆಂದು ಹೇಳಿ, ಮುಂಗಡವನ್ನು ಪಡೆಯಲು ಪಿನ್ನನ್ನು ಒತ್ತಿರೆಂದು ಹೇಳಿದವನು ಕಳ್ಳನೆಂದೇ ತಿಳಿಯತಕ್ಕದ್ದು. ಹಣ ಹೋದುದು ತಿಳಿದ ಕೂಡಲೆ, ನಾಚಿಕೆಯನ್ನು ಬಿಟ್ಟು, 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣವು ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯುವ ಸಂಭವವಿದೆ. ಮನೆಯವರಿಗೆ ಗೊತ್ತಾದೀತೆಂದು ಎರಡು ದಿನ ಮುಚ್ಚಿಟ್ಟುಕೊಂಡವರಿಗೆ ಈ ಸಂಭವವು ಬಹು ಕಡಿಮೆ.

ಗ್ರಂಥಾಲಯವೂ ತನ್ನ ಮಟ್ಟಿಗೆ ಶುದ್ಧವಾಗಿರಬೇಕು. ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ಆಧಾರ್, ಪಾಸ್ ಪುಸ್ತಕ, ಪಹಣಿಗಳ ನಕಲುಗಳು ಗುಡ್ಡೆಬಿದ್ದಿರುವುದು ಹಲವು ಕಡೆ ಕಾಣುವ ದೋಷ. ಕೆಲಸವಾದೊಡನೆ ಅವನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆದು, ಖಾತೆಯಿಂದ ಹೊರಬರುವುದನ್ನು ಪಾಠದ ಭಾಗವಾಗಿಯೇ ರೈತನಿಂದ ಮಾಡಿಸಬೇಕು. ಕೆಟ್ಟ ಮುದ್ರಣವನ್ನು ಹರಿದು ಹಾಕಬೇಕು. ಜನರ ಗುಪ್ತಪದಗಳನ್ನು “ಮರೆತುಹೋದೀತು” ಎಂದು ಮೇಲ್ವಿಚಾರಕರ ರಿಜಿಸ್ಟರಿನಲ್ಲಿ ಬರೆದಿಡುವ ಉಪಕಾರವನ್ನು ಯಾರೂ ಮಾಡಕೂಡದು.

ಮೇಲ್ವಿಚಾರಕರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಪುಸ್ತಕವನ್ನು ಕೊಡುವುದು, ಪತ್ರಿಕೆಗಳನ್ನು ಜೋಡಿಸುವುದು, ಮಕ್ಕಳ ಓದನ್ನು ನೋಡುವುದು ಇವುಗಳ ಜೊತೆಗೆ ಈ ಪಾಠವನ್ನೂ ಒಬ್ಬರ ಮೇಲೆಯೇ ಹೊರಿಸಿದರೆ ಯಾವುದೂ ಸರಿಯಾಗಿ ನಡೆಯದು. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಗೊತ್ತುಮಾಡಿಕೊಂಡು, ಒಂದು ದಿನ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಯೊಬ್ಬರು ಬಂದು ಕೂಡುವಂತೆ ಏರ್ಪಡಿಸುವುದು ಸಾಧ್ಯವಾದ ಕೆಲಸ. ಕಲಿತ ರೈತರಲ್ಲಿ ಚುರುಕಾದ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು, ಮುಂದಿನ ಗುಂಪಿಗೆ ನೆರವಾಗಬಹುದು. ತಮ್ಮ ವಯಸ್ಸಿನವರಿಂದಲೇ ಕಲಿಯುವುದಕ್ಕೆ ಹಿರಿಯರು ಸಂಕೋಚಪಡುವುದಿಲ್ಲ.

ಕೊನೆಯಲ್ಲಿ, ಬೆರಳಚ್ಚಿನ ವಿಷಯ. ಅರವತ್ತು ದಾಟಿದ ಅನೇಕ ಕೃಷಿಕಾರ್ಮಿಕರ ಬೆರಳ ರೇಖೆಗಳು ಮಣ್ಣು, ಸುಣ್ಣ, ಕುಡುಗೋಲಿನ ಹಿಡಿಗಳಿಂದ ಸವೆದುಹೋಗಿ, ಯಂತ್ರವು ಅವರನ್ನು ಗುರುತಿಸುವುದಿಲ್ಲ. ಇಂತಹವರು ನಾಲ್ಕಾರು ಸಲ ಅಂಗಡಿಗೆ ಅಲೆದು, ತಮಗೆ ಹಣವಿಲ್ಲವೆಂದೇ ತಿಳಿದು ಸುಮ್ಮನಾಗಿರುವುದುಂಟು. 2023ರ ಜೂನ್ ತಿಂಗಳಿನಿಂದ ಪಿ.ಎಂ. ಕಿಸಾನ್ ಆ್ಯಪ್‌ನಲ್ಲಿ ಬೆರಳಿಗೂ ಒ.ಟಿ.ಪಿ.ಗೂ ಬದಲಾಗಿ ಮುಖವನ್ನು ತೋರಿಸಿ ಇ-ಕೆವೈಸಿ ಮಾಡುವ ಅನುಕೂಲವಿದೆ. ಇದನ್ನು ಗ್ರಂಥಾಲಯದಲ್ಲಿ ಮಾಡಿಸುವಾಗ ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಗೆ ಎದುರಾಗಿ ಕೂಡಿಸಬೇಕು, ಕಿಟಕಿಗೆ ಬೆನ್ನಾಗಿ ಅಲ್ಲ. ತಲೆಯ ಮೇಲಿನ ರುಮಾಲನ್ನು ಹಣೆಯಿಂದ ಸ್ವಲ್ಪ ಮೇಲಕ್ಕೆ ಸರಿಸಿ, ಕನ್ನಡಕವನ್ನು ತೆಗೆದಿಟ್ಟು, ಯಂತ್ರವು ಕೇಳಿದಾಗ ಒಮ್ಮೆ ರೆಪ್ಪೆಯನ್ನು ಬಡಿಯಲು ಹೇಳಬೇಕು. ಮೊದಲ ಸಲ ಆಗದಿದ್ದರೆ ಬಾಗಿಲ ಹೊರಗಿನ ಜಗಲಿಯ ಮೇಲೆ ಕೂಡಿಸಿ ಇನ್ನೊಮ್ಮೆ ಪ್ರಯತ್ನಿಸತಕ್ಕದ್ದು.